ಮನೆಯವರು ಸೆಮಿನರಿಗೆ ಹೊರಟಿದ್ದಾರೆ. ನಾನು, ಮಕ್ಕಳು, ಅತ್ತೆಯವರು ಎಲ್ಲಿರಬೇಕು?

ಟೀಚರ್_ಬಂಗಾರಪೇಟೆ

ಎಲ್ಲರಿಗೂ ವಂದನೆಗಳು. ನಮ್ಮ ಮನೆಯವರಿಗೆ ಈ ಜೂನ್‌ನಿಂದ ಚೆನ್ನೈನ ಕೀಲ್ಪಾಕ್‌ನಲ್ಲಿರುವ ಗುರುಕುಲ ಲುಥೆರನ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಿ.ಡಿ. (ಸಭಾಪಾಲಕರಾಗಲು ಓದುವ ದೇವಜ್ಞಾನ ಪದವಿ) ಓದಲು ಸ್ಥಳ ಸಿಕ್ಕಿದೆ. ನಮ್ಮ ಸಭೆಯ, ಅಂದರೆ ಚರ್ಚಿನ, ಶಿಫಾರಸು, ಸಂದರ್ಶನ ಎಲ್ಲವೂ ಮುಗಿದಿವೆ. ಪದವಿ ಮುಗಿಸಿದವರಾದ್ದರಿಂದ ನಾಲ್ಕು ವರ್ಷದ ಓದು. ವಯಸ್ಸು ನಲವತ್ತರ ಹತ್ತಿರ. ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕರಾಗಿದ್ದಾರೆ, ಆ ಕೆಲಸ ಬಿಡಬೇಕು.

ನಾನು ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮಗಳು ಎಂಟನೇ ತರಗತಿಗೆ ಹೋಗುತ್ತಾಳೆ, ಮೊದಲಿನಿಂದಲೂ ಕನ್ನಡ ಮಾಧ್ಯಮ. ಮಗ ಮೂರನೇ ತರಗತಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅವರು ಕೆಜಿಎಫ್‌ನವರು, ತಮಿಳು ಮನೆಮಾತು. ನಮ್ಮ ಸಭೆಯ ಆರಾಧನೆಯೂ ತಮಿಳಿನಲ್ಲೇ. ಮಕ್ಕಳು ಅಜ್ಜಿಯ ಜೊತೆ ತಮಿಳು ಮಾತನಾಡುತ್ತಾರೆ, ಬರೆಯಲು ಬಾರದು.

ದೇವರ ಸೇವೆಗೆ ಅವರಿಗೆ ಬಂದ ಕರೆಯ ಬಗ್ಗೆ ನನಗೆ ಸಂಶಯವಿಲ್ಲ. ಒಬ್ಬರೇ ಸಭಾಪಾಲಕರು ಹಲವು ಊರುಗಳ ಸಭೆಗಳನ್ನು ನೋಡಿಕೊಳ್ಳುವುದರಿಂದ ಅವರು ಬಾರದ ಭಾನುವಾರಗಳಲ್ಲಿ ಪ್ರಸಂಗ ಓದುವವರು ನಮ್ಮ ಮನೆಯವರೇ. ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದುಕೊಂಡು ನೇರವಾಗಿ ದೇವಾಲಯಕ್ಕೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಹಿರಿಯರನ್ನು ಕೇಳಿದರೆ ಎಲ್ಲರ ಉತ್ತರವೂ ಒಂದೇ: ದೇವರು ನೋಡಿಕೊಳ್ಳುತ್ತಾನೆ. ನಾನೂ ನಂಬುತ್ತೇನೆ. ಆ ನಂಬಿಕೆಯೊಳಗೇ ನಾವು ಮಾಡಬೇಕಾದ ಏರ್ಪಾಡು ಏನು ಎಂದು ಕೇಳುತ್ತಿದ್ದೇನೆ. ಎಲ್ಲರೂ ಚೆನ್ನೈಗೆ ಹೋಗುವುದೋ, ಅವರೊಬ್ಬರೇ ಹೋಗುವುದೋ? ನಾಲ್ಕು ವರ್ಷ ಒಂದೇ ಸಂಬಳದಲ್ಲಿ ನಡೆಸುವುದು ಹೇಗೆ? ಓದು ಮುಗಿದ ಮೇಲೆ ಅವರನ್ನು ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲ, ನನ್ನ ಕೆಲಸ ಈ ಜಿಲ್ಲೆಯದು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಚಾಂಪಿಯನ್‌ರೀಫ್_ಅಮ್ಮ

ನಾನು ಸಭಾಪಾಲಕರ ಹೆಂಡತಿ. ನಮ್ಮವರು ನಿವೃತ್ತರಾಗಿದ್ದಾರೆ. ನಿನ್ನ ಪತ್ರ ಓದಿ ಎರಡು ದಿನ ಇದೇ ಯೋಚನೆಯಲ್ಲಿದ್ದೆ ತಂಗಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮವರು ಸೆಮಿನರಿಗೆ ಹೋದಾಗ ಮಕ್ಕಳು ಚಿಕ್ಕವರು. ಮೊದಲು ನಾನು ತವರಿನಲ್ಲಿ, ಕೆಜಿಎಫ್ ಚಿನ್ನದ ಗಣಿಯ ಕ್ವಾರ್ಟರ್ಸ್‌ನಲ್ಲಿ ಉಳಿದೆ. ಆಮೇಲೆ ಸೆಮಿನರಿಯಲ್ಲಿ ಕುಟುಂಬದವರ ವಸತಿ ಸಿಕ್ಕಿತು, ಹೋದೆ. ಎರಡನ್ನೂ ಕಂಡಿದ್ದೇನೆ. ಜೊತೆಯಲ್ಲಿದ್ದರೆ ಒಂಟಿತನ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನದವರೆಗೆ ತರಗತಿ, ಆಮೇಲೆ ಗ್ರಂಥಾಲಯ, ರಾತ್ರಿ ಗ್ರೀಕ್ ವ್ಯಾಕರಣ. ಶನಿವಾರ, ಭಾನುವಾರ ಅವರಿಗೆ ಗೊತ್ತುಮಾಡಿದ ಸಭೆಯಲ್ಲಿ ಅಭ್ಯಾಸದ ಸೇವೆ. ಒಂದೇ ಕೋಣೆಯಲ್ಲಿದ್ದರೂ ಅವರ ಮನಸ್ಸು ಓದಿನಲ್ಲಿ. ಊರಿನಲ್ಲಿದ್ದಾಗ ಅಮ್ಮ, ತಂಗಿಯರು, ಪಕ್ಕದ ಮನೆಯವರು ಎಲ್ಲರೂ ಇದ್ದರು. ಅಲ್ಲಿ ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ದಾರಿಯೂ ಗೊತ್ತಿರಲಿಲ್ಲ. ನನ್ನನ್ನು ಉಳಿಸಿದ್ದು ಬೇರೆ ವಿದ್ಯಾರ್ಥಿಗಳ ಹೆಂಡತಿಯರು. ಒಬ್ಬರು ಛೋಟಾನಾಗಪುರದವರು, ಒಬ್ಬರು ಗುಂಟೂರು ಕಡೆಯವರು. ಭಾಷೆ ಬಾರದೆ ಕೈಸನ್ನೆಯಲ್ಲೇ ಅಡುಗೆ ಕಲಿಸಿಕೊಂಡೆವು. ಆ ಸ್ನೇಹ ಇಂದಿಗೂ ಉಳಿದಿದೆ. ಹಾಗಾಗಿ ಹೋಗಬೇಡ ಎನ್ನುವುದಿಲ್ಲ. ಹೋದರೆ ಗಂಡ ಸಿಗುತ್ತಾರೆ ಎಂದುಕೊಂಡು ಮಾತ್ರ ಹೋಗಬೇಡ.

ಇನ್ನೊಂದು ವಿಷಯ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಜೋಲಾರಪೇಟೆ, ಕಾಟಪಾಡಿ ದಾಟಿ ಐದಾರು ಗಂಟೆಯಲ್ಲಿ ಚೆನ್ನೈ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ ಎಂದು ನೀನು ಲೆಕ್ಕ ಹಾಕಿರಬಹುದು. ವಾರದ ಕೊನೆಯೇ ಅವರಿಗೆ ಹೆಚ್ಚು ಕೆಲಸದ ಸಮಯ. ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಕೂಡ ಹಾಗೆಯೇ. ಉಳಿದವರ ಮನೆಯಲ್ಲಿ ಹಬ್ಬವೆಂದರೆ ಎಲ್ಲರೂ ಸೇರುವ ದಿನ. ನಮ್ಮ ಮನೆಯಲ್ಲಿ ಹಬ್ಬದ ದಿನವೇ ಅಪ್ಪ ಇರುವುದಿಲ್ಲ. ಇದು ನಾಲ್ಕು ವರ್ಷದ ಮಾತಲ್ಲ, ನಿವೃತ್ತಿಯವರೆಗೂ ಹೀಗೆಯೇ. ನಾವು ಕ್ರಿಸ್ಮಸ್ ಊಟವನ್ನು 26ರಂದು ಇಟ್ಟುಕೊಳ್ಳುತ್ತಿದ್ದೆವು. ಮಕ್ಕಳು ಅದನ್ನೇ ನಿಜವಾದ ಹಬ್ಬ ಎನ್ನುತ್ತಿದ್ದರು.

ಹಣದ ವಿಷಯ ನಾಳೆ ಬರೆಯುತ್ತೇನೆ.

ಶ್ರೀನಿವಾಸಪುರದವಳು

ನಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿದೆ. ಉತ್ತರಗಳನ್ನು ಓದುತ್ತಿರುತ್ತೇನೆ.

ಮಾಲೂರು_ಲೆಕ್ಕಪತ್ರ

ಸಹೋದರಿ, ನಾನು ಕಂಪನಿಗಳ ಸಂಬಳ ಮತ್ತು ಪಿಎಫ್ ಲೆಕ್ಕ ನೋಡುವವನು. ನಿಮ್ಮ ಯಜಮಾನರು ರಾಜೀನಾಮೆ ಕೊಡುವ ಮೊದಲು ಒಟ್ಟು ಸೇವೆ ಎಷ್ಟು ವರ್ಷವಾಯಿತು ಎಂದು ನೋಡಿ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 10 ವರ್ಷದ ಸೇವೆ ತುಂಬಿದರೆ 58ರ ವಯಸ್ಸಿನಿಂದ ತಿಂಗಳ ಪಿಂಚಣಿಗೆ ಹಕ್ಕು ಬರುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಒಂದು ವರ್ಷವೆಂದು ಎಣಿಸುತ್ತಾರೆ, ಅಂದರೆ ಒಂಬತ್ತೂವರೆ ವರ್ಷ ದಾಟಿದ್ದರೆ ಸಾಕು. ಹಿಂದಿನ ಕಂಪನಿಯ ಸೇವೆಯನ್ನು ಇದಕ್ಕೆ ವರ್ಗಾಯಿಸಿದ್ದಾರೆಯೇ ಎಂಬುದನ್ನೂ ನೋಡಿ. ಎಷ್ಟೋ ಜನ ಕೆಲವೇ ತಿಂಗಳ ಕೊರತೆಯಿಂದ ಇದನ್ನು ಕಳೆದುಕೊಳ್ಳುತ್ತಾರೆ.

ಮೊತ್ತವನ್ನು ಕೂಡಲೇ ತೆಗೆಯಬೇಡಿ. ಕೆಲಸ ಬಿಟ್ಟರೂ 58ರವರೆಗೆ ಬಡ್ಡಿ ಸೇರುತ್ತಲೇ ಇರುತ್ತದೆ. ಇನ್ನು ಕಂಪನಿಯ ಗುಂಪು ವಿಮೆ ಕೆಲಸ ಬಿಟ್ಟ ದಿನಕ್ಕೇ ನಿಲ್ಲುತ್ತದೆ. ನೀವು ಸರ್ಕಾರಿ ನೌಕರರು, ನಿಮ್ಮ ಆರೋಗ್ಯ ಯೋಜನೆಯಲ್ಲಿ ಅವಲಂಬಿತರ ಪಟ್ಟಿಯನ್ನು ಸರಿಪಡಿಸಿಕೊಳ್ಳಿ.

ಚಿಂತಾಮಣಿ_ವಿಶ್ವಾಸಿ

ಎಲ್ಲರೂ ಲೆಕ್ಕದ ಮಾತನ್ನೇ ಆಡುತ್ತಿದ್ದೀರಿ. ನೇರವಾಗಿ ಹೇಳುತ್ತೇನೆ, ಸಹೋದರಿ ಬೇಸರ ಮಾಡಿಕೊಳ್ಳಬಾರದು. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಮನೆ, ಅಣ್ಣತಮ್ಮಂದಿರು, ತಾಯಿ, ಮಕ್ಕಳು, ಭೂಮಿ ಎಲ್ಲವನ್ನೂ ಬಿಟ್ಟುಬಂದವನಿಗೆ ನೂರರಷ್ಟು ಎಂದು ಕರ್ತನು ಹೇಳಿದ್ದಾನೆ. ಗಂಡನಿಗೆ ಕರೆ ಬಂದರೆ ಅದು ಇಡೀ ಮನೆಗೆ ಬಂದಂತೆ. ರೂತಳು ತನ್ನ ಅತ್ತೆಗೆ ನೀನು ಹೋಗುವಲ್ಲಿಗೆ ನಾನೂ ಬರುವೆನು ಎಂದಳಲ್ಲವೇ. ಸರ್ಕಾರಿ ಕೆಲಸವನ್ನು ಒಂದು ಕೈಯಲ್ಲಿ, ಸೇವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದವರಿಗೆ ಎರಡೂ ದಕ್ಕುವುದಿಲ್ಲ. ಕೆಲಸ ಬಿಟ್ಟು ಜೊತೆಗೆ ಹೋಗಿ.

ಪಾವಗಡ_ಮೆಡಿಕಲ್ಸ್

ನನ್ನ ಅನುಭವ ತಿರುಗುಮುರುಗು. ಸೆಮಿನರಿಗೆ ಹೋದವಳು ನನ್ನ ಹೆಂಡತಿ. ಅವಳ ತವರು ಆಂಧ್ರದ ಲುಥೆರನ್ ಮನೆತನ. ಭಾರತದ ಹಲವು ಲುಥೆರನ್ ಸಭೆಗಳು ಈಗ ಮಹಿಳೆಯರಿಗೂ ಗುರುದೀಕ್ಷೆ (ಸಭಾಪಾಲಕರಾಗುವ ದೀಕ್ಷೆ) ಕೊಡುತ್ತವೆ, ಎಲ್ಲವೂ ಅಲ್ಲ. ಅವಳು ಓದಿದಷ್ಟು ಕಾಲ ಔಷಧದ ಅಂಗಡಿ, ಮಗಳು, ನನ್ನ ತಂದೆ, ಮೂವರನ್ನೂ ನಾನೇ ನೋಡಿಕೊಂಡೆ.

ಚಿಂತಾಮಣಿಯ ಸಹೋದರರಿಗೆ ಒಂದು ಮಾತು. ನನ್ನ ಹೆಂಡತಿಗೆ ಕರೆ ಬಂದಾಗ ಅಂಗಡಿ ಮುಚ್ಚಿ ಅವಳ ಹಿಂದೆ ಹೋಗು ಎಂದು ನನಗೆ ಯಾರೂ ಹೇಳಲಿಲ್ಲ. ನಮ್ಮ ಸಭೆಯಲ್ಲೂ ಹೇಳಲಿಲ್ಲ, ಅವಳ ಸಭೆಯಲ್ಲೂ ಹೇಳಲಿಲ್ಲ. ಬದಲಿಗೆ, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಡುತ್ತಿದ್ದೇನೆಂದು ಎಲ್ಲರೂ ನನ್ನನ್ನು ಹೊಗಳಿದರು. ಪಕ್ಕದ ಬೀದಿಯಲ್ಲಿ ಗಂಡ ಗಲ್ಫ್‌ನಲ್ಲಿರುವ ಹೆಂಗಸರು ಅದೇ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತಿದ್ದಾರೆ, ಅವರನ್ನು ಹೊಗಳಿದವರನ್ನು ನಾನು ಕಾಣಲಿಲ್ಲ. ಒಂದೇ ಕರೆ ಗಂಡಸಿಗೆ ಬಂದರೆ ಹೆಂಡತಿ ಕೆಲಸ ಬಿಡಬೇಕು, ಹೆಂಗಸಿಗೆ ಬಂದರೆ ಗಂಡ ಅಂಗಡಿ ಇಟ್ಟುಕೊಳ್ಳಬಹುದು ಎಂದಾದರೆ, ಅದು ಸತ್ಯವೇದದಿಂದ ಬಂದ ನಿಯಮವಲ್ಲ, ನಮ್ಮ ಊರಿನ ರೂಢಿ.

ಇನ್ನೊಂದು ಸಂಗತಿ. ನಮ್ಮ ತುಮಕೂರಿನಲ್ಲೇ ಒಂದು ಕಾಲಕ್ಕೆ ಯೂನಿಯನ್ ಕ್ಯಾನರೀಸ್ ಸೆಮಿನರಿ ಇತ್ತು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಜೊತೆ ಸೇರಿ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ಅದು ಇಲ್ಲೇ ಉಳಿದಿದ್ದರೆ ನಮ್ಮ ಬಯಲುಸೀಮೆಯ ಎಷ್ಟೋ ಮನೆಗಳು ಇಷ್ಟು ದೂರ ಹರಿದು ಹಂಚಿಹೋಗುತ್ತಿರಲಿಲ್ಲ.

ಕೋಲಾರ_ಓದುಗ

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಇದೆಯಲ್ಲ. ಅಲ್ಲಿಗೆ ಏಕೆ ಹೋಗಬಾರದು? ಬಂಗಾರಪೇಟೆಯಿಂದ ದಿನವೂ ಸಾವಿರಾರು ಜನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ.

ಟೀಚರ್_ಬಂಗಾರಪೇಟೆ

@ಕೋಲಾರ_ಓದುಗ: ನಾವೂ ಕೇಳಿದೆವು. ಕಳುಹಿಸುವ ಸಭೆಯೇ ಕಾಲೇಜನ್ನು ತೀರ್ಮಾನಿಸುತ್ತದೆ. ಅಲ್ಲಿಯೂ ವಸತಿ ಶಿಕ್ಷಣವೇ, ದಿನವೂ ಹೋಗಿಬರುವ ಹಾಗಿಲ್ಲ. ಅಲ್ಲದೆ ಅವರಿಗೆ ಲುಥೆರನ್ ಕಾಲೇಜಿನಲ್ಲೇ ಓದುವ ಆಸೆ. ಅದನ್ನು ನಾನು ತಡೆಯುವುದಿಲ್ಲ.

@ಚಿಂತಾಮಣಿ_ವಿಶ್ವಾಸಿ: ಅಣ್ಣಾ, ಬೇಸರವಿಲ್ಲ. ಆದರೆ ಒಪ್ಪುವುದೂ ಇಲ್ಲ. ನಾನು ಕಲಿಸುವ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರು. ಮಕ್ಕಳ ತಂದೆತಾಯಂದಿರು ಟೊಮೆಟೊ ಕೀಳಲು, ಇಟ್ಟಿಗೆ ಗೂಡಿಗೆ, ನರಸಾಪುರದ ಗುತ್ತಿಗೆ ಕೆಲಸಕ್ಕೆ ಹೋಗುವವರು. ಆ ಮಕ್ಕಳಿಗೆ ಓದು ಬರೆಹ ಕಲಿಸುವುದು ನನಗೆ ಹೊಟ್ಟೆಪಾಡು ಮಾತ್ರವಲ್ಲ. ಇದಕ್ಕೂ ನನ್ನನ್ನು ದೇವರೇ ಕರೆದಿದ್ದಾನೆಂದು ನಂಬಿದ್ದೇನೆ. ಇನ್ನು ರೂತಳು. ಅವಳು ಹಿಂಬಾಲಿಸಿದ್ದು ಸೇವೆಗೆ ಹೊರಟ ಗಂಡನನ್ನಲ್ಲ, ಆಸರೆಯಿಲ್ಲದ ಅತ್ತೆಯನ್ನು. ನನ್ನ ಅತ್ತೆಯವರು ಬಂಗಾರಪೇಟೆಯಲ್ಲೇ ಇರುತ್ತೇನೆ ಎನ್ನುತ್ತಿದ್ದಾರೆ. ರೂತಳ ಮಾತನ್ನು ನಾನು ಪಾಲಿಸುವುದಾದರೆ ಇಲ್ಲಿಯೇ ಇರಬೇಕು.

ಮೇಷ್ಟ್ರು_ನಿವೃತ್ತ

ನಾನು ಬಹಳ ಕಾಲ ದೇವಜ್ಞಾನ ಶಾಲೆಯಲ್ಲಿ ಸಭಾ ಇತಿಹಾಸ ಕಲಿಸಿದವನು, ಈಗ ಕೋಲಾರದಲ್ಲಿದ್ದೇನೆ. ಚಿಂತಾಮಣಿಯವರು ಎತ್ತಿದ ಮಾರ್ಕ 10ರ ವಚನ ಲುಥೆರನ್ನರಿಗೆ ಹೊಸದಲ್ಲ. ಲುಥೆರನ್ನರ ಮೂಲ ನಂಬಿಕೆಗಳನ್ನು ಹೇಳುವ 1530ರ ಆಗ್ಸ್‌ಬರ್ಗ್ ವಿಶ್ವಾಸ ಅರಿಕೆಯ 27ನೇ ಲೇಖನ ಸನ್ಯಾಸದ ವ್ರತಗಳ ಕುರಿತದ್ದು. ಮದುವೆಯನ್ನೂ ಲೋಕದ ಹೊಣೆಯನ್ನೂ ಬಿಟ್ಟು ಮಠದಲ್ಲಿ ಅಡಗಿದವರನ್ನು ಮಾದರಿ ಎಂದು ಕೊಂಡಾಡುವ ರೂಢಿಯನ್ನು ಅದು ಖಂಡಿಸುತ್ತದೆ. ದೇವರು ಆಜ್ಞಾಪಿಸಿದ ಹೊಣೆಗಳಲ್ಲೇ ಅವನನ್ನು ಸೇವಿಸಬೇಕು, ನಾವಾಗಿ ಕಲ್ಪಿಸಿಕೊಂಡ ಹೊಣೆಗಳಲ್ಲಿ ಅಲ್ಲ ಎಂಬುದು ಅದರ ವಾದ. ಮಾರ್ಕ 7ನ್ನೂ ಓದಿ. ತಾಯಿತಂದೆಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಅರ್ಪಿತ, ಎಂದು ಹೇಳಿ ಕೈ ತೊಳೆದುಕೊಂಡವರನ್ನು ಕರ್ತನು ಹೊಗಳಲಿಲ್ಲ.

ನಮ್ಮ ಪಂಥಕ್ಕೆ ಹೆಸರು ಕೊಟ್ಟ ಮಾರ್ಟಿನ್ ಲೂಥರರ 1529ರ ಚಿಕ್ಕ ಕ್ಯಾಟೆಕಿಸಂನ (ನಂಬಿಕೆ ಕಲಿಸುವ ಪ್ರಶ್ನೋತ್ತರ ಪುಸ್ತಕ) ಕೊನೆಗೆ ಕರ್ತವ್ಯಗಳ ಪಟ್ಟಿಯೊಂದಿದೆ. ಅದರಲ್ಲಿ ಸಭಾಪಾಲಕ, ಅಧಿಕಾರಿ, ಗಂಡ, ಹೆಂಡತಿ, ತಾಯಿತಂದೆ, ಮಕ್ಕಳು, ಕೆಲಸದವರು, ವಿಧವೆಯರು ಒಂದರ ಪಕ್ಕ ಒಂದಾಗಿ ನಿಲ್ಲುತ್ತಾರೆ. ಸಭಾಪಾಲಕನ ಕೆಲಸ ಪವಿತ್ರ, ಉಳಿದವು ಸಾಧಾರಣ ಎಂಬ ಭೇದ ಅಲ್ಲಿಲ್ಲ. ಈ ಸಹೋದರಿ ತನ್ನ ಶಾಲೆಯ ಬಗ್ಗೆ ಬರೆದದ್ದು ಅಪ್ಪಟ ಲುಥೆರನ್ ಮಾತು. ಬಿ.ಡಿ. ತರಗತಿಯಲ್ಲಿ ಅವರ ಗಂಡ ಇದನ್ನೇ ಪರೀಕ್ಷೆಗೆ ಓದುತ್ತಾರೆ.

ಲೂಥರರ ಮನೆಯನ್ನೇ ನೋಡಿ. ಕಾಥರೀನಾ ಫಾನ್ ಬೋರಾ ಅವರನ್ನು ಅವರು ಮದುವೆಯಾದದ್ದು 1525ರಲ್ಲಿ. ವಿಟ್ಟೆನ್‌ಬರ್ಗ್‌ನ ಹಳೆಯ ಮಠವೇ ಅವರ ಮನೆ. ಆರು ಮಕ್ಕಳು, ಸಾಕಿಕೊಂಡ ನೆಂಟರ ಮಕ್ಕಳು, ಹಣ ಕೊಟ್ಟು ಊಟಕ್ಕಿರುವ ವಿದ್ಯಾರ್ಥಿಗಳು, ಬರುವ ಹೋಗುವ ಅತಿಥಿಗಳು. ತೋಟ, ದನ, ಹಂದಿ, ಮೀನಿನ ಕೊಳ, ಬಿಯರ್ ತಯಾರಿಕೆ, ಆಮೇಲೆ ಕೊಂಡ ಜಮೀನು, ಎಲ್ಲದರ ಯಜಮಾನಿಕೆ ಕಾಥರೀನಾ ಅವರದು. ಲೂಥರ್ ಕಾಗದಗಳಲ್ಲಿ ಅವರನ್ನು ಪ್ರೀತಿಯಿಂದ ಯಜಮಾನ ಎಂದೇ ಕರೆಯುತ್ತಿದ್ದರು. ಆ ಮನೆ ನಡೆದದ್ದು ಅವರ ದುಡಿಮೆಯಿಂದ.

ಆದರೆ ಆ ಕಥೆಯ ಕೊನೆಯನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಲೂಥರ್ ತಮ್ಮ ಉಯಿಲಿನಲ್ಲಿ ಎಲ್ಲವನ್ನೂ ಹೆಂಡತಿಗೇ ಬರೆದಿದ್ದರು. 1546ರಲ್ಲಿ ಅವರು ತೀರಿಕೊಂಡ ಮೇಲೆ ಸ್ಯಾಕ್ಸನಿಯ ಕಾನೂನಿಗೆ ಆ ಉಯಿಲು ಹೊಂದಲಿಲ್ಲ. ಯುದ್ಧ ಬಂತು, ಜಮೀನು ಹಾಳಾಯಿತು, ಊರು ಬಿಟ್ಟು ಓಡಬೇಕಾಯಿತು. 1552ರಲ್ಲಿ ಟೋರ್ಗಾವ್‌ನಲ್ಲಿ ಬಡತನದಲ್ಲೇ ಕಾಥರೀನಾ ತೀರಿಕೊಂಡರು. ಸಭಾಪಾಲಕನ ಹೆಂಡತಿಯ ಭದ್ರತೆಯನ್ನು ಮೊದಲೇ ಕಾಗದದಲ್ಲಿ ಸರಿಪಡಿಸಿಡಬೇಕು ಎನ್ನಲು ಇದಕ್ಕಿಂತ ಹಳೆಯ ಸಾಕ್ಷಿ ನಮ್ಮಲ್ಲಿಲ್ಲ.

ಚಿಂತಾಮಣಿ_ವಿಶ್ವಾಸಿ

ಮೇಷ್ಟ್ರೇ, 27ನೇ ಲೇಖನ ನಾನು ಓದಿರಲಿಲ್ಲ, ಓದುತ್ತೇನೆ. ಆದರೂ ಗಂಡ ಒಂದು ರಾಜ್ಯ, ಹೆಂಡತಿ ಒಂದು ರಾಜ್ಯವಾದರೆ ಸಭೆಗೆ ಮಾದರಿ ಮನೆ ಎಲ್ಲಿಂದ ಬರಬೇಕು ಎಂಬ ನನ್ನ ಪ್ರಶ್ನೆ ಉಳಿದೇ ಇದೆ.

ಚಾಂಪಿಯನ್‌ರೀಫ್_ಅಮ್ಮ

ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುವಾಗ ಮನೆಯ ಖರ್ಚನ್ನೂ ನೋಡಬೇಕು. ಹಣದ ವಿಷಯ ಬರೆಯುತ್ತೇನೆಂದಿದ್ದೆ.

ನಮ್ಮವರು ದೀಕ್ಷೆ ಪಡೆದು ಹೆಚ್ಚು ಕಾಲ ಆಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಭೆಯಲ್ಲಿ ಕಾಣಿಕೆ ಹಾಕುತ್ತಿದ್ದವರೆಲ್ಲ ಗಣಿಯ ಸಂಬಳದವರು. ಒಂದು ವರ್ಷದೊಳಗೆ ಬೆಂಚುಗಳು ಖಾಲಿಯಾದವು. ಗಂಡಸರು ಮುಂಜಾನೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು, ರಾತ್ರಿ ಬರುತ್ತಿದ್ದರು. ಸಭೆಗೆ ಕಷ್ಟ ಬಂದರೆ ಸಭಾಪಾಲಕರ ಮನೆಗೂ ಕಷ್ಟ ಬರುತ್ತದೆ. ಸಂಬಳ ತಡವಾಗುತ್ತಿತ್ತು, ಅರ್ಧ ಬರುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ, ಏಕೆಂದರೆ ಕೊಡಬೇಕಾದವರ ಮನೆಯಲ್ಲೂ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ. ಆಗ ನಮ್ಮನ್ನು ಉಳಿಸಿದ್ದು ನನ್ನ ಹೊಲಿಗೆ ಯಂತ್ರ. ನಿನ್ನ ಸಂಬಳ ಆ ಯಂತ್ರಕ್ಕಿಂತ ಬಹಳ ದೊಡ್ಡ ಆಸರೆ. ಅದನ್ನು ಬಿಡು ಎನ್ನುವವರ ಮಾತು ಕೇಳಬೇಡ.

ಇನ್ನು ಮನೆ. ಸಭಾಪಾಲಕರಿಗೆ ಇರಲು ಸಭೆಯ ಮನೆ ಕೊಡುತ್ತಾರೆ. ದೊಡ್ಡದಾಗಿರುತ್ತದೆ, ಅಂಗಳದಲ್ಲಿ ಹುಣಸೆ ಮರವೂ ಇರುತ್ತದೆ. ಆದರೆ ಅದು ನಿನ್ನದಲ್ಲ. ವರ್ಗವಾದರೆ ಬಿಡಬೇಕು, ನಿವೃತ್ತಿಯಾದರೆ ಬಿಡಬೇಕು, ಅವರು ಇದ್ದಕ್ಕಿದ್ದಂತೆ ತೀರಿಹೋದರೆ ಅಳು ನಿಲ್ಲುವ ಮೊದಲೇ ಬಿಡಬೇಕು. ನನ್ನ ಗೆಳತಿಯೊಬ್ಬಳಿಗೆ ಹಾಗೆಯೇ ಆಯಿತು. ಬಂಗಾರಪೇಟೆಯಲ್ಲಿ ನಿಮಗೆ ಸ್ವಂತ ಮನೆಯೋ ನಿವೇಶನವೋ ಇದ್ದರೆ ಓದಿನ ಖರ್ಚಿಗೆಂದು ಅದನ್ನು ಮಾರಬೇಡಿ.

ಸ್ತ್ರೀಯರ ಕೂಟ, ಭಾನುವಾರ ಶಾಲೆ, ಗಾಯನ ತಂಡ, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕೂರುವುದು, ಇವೆಲ್ಲ ಅಯ್ಯರಮ್ಮನ, ಅಂದರೆ ಸಭಾಪಾಲಕರ ಹೆಂಡತಿಯ, ಕೆಲಸ ಎಂದು ಸಭೆ ಲೆಕ್ಕ ಹಾಕಿರುತ್ತದೆ. ಸಂಬಳ ಒಬ್ಬರಿಗೆ, ದುಡಿಯುವವರು ಇಬ್ಬರು. ನಾನು ಸಂತೋಷದಿಂದ ಮಾಡಿದೆ. ನೀನು ಶಾಲೆಗೆ ಹೋಗುವವಳು, ಎಷ್ಟು ಮಾಡಬಲ್ಲೆ ಎಂಬುದನ್ನು ಮೊದಲ ತಿಂಗಳೇ ಬಾಯಿಬಿಟ್ಟು ಹೇಳು. ಆಮೇಲೆ ಹೇಳಿದರೆ ಹಿಂದಿನ ಅಯ್ಯರಮ್ಮನ ಜೊತೆ ಹೋಲಿಸಿ ಮಾತನಾಡುತ್ತಾರೆ.

ಊರಿಗಾಂ_ಹುಡುಗ

ನಾನು ಸಭಾಪಾಲಕರ ಮಗ, ಈಗ ಬೆಂಗಳೂರಿನಲ್ಲಿ ಕೆಲಸ. ಇಲ್ಲಿ ದೊಡ್ಡವರೆಲ್ಲ ಮಾತನಾಡಿದರು, ಮಕ್ಕಳ ಕಡೆಯಿಂದ ನಾನು ಬರೆಯುತ್ತೇನೆ.

ಅಪ್ಪ ಸೆಮಿನರಿಯಲ್ಲಿದ್ದಾಗ ನಾನು ನಿಮ್ಮ ಮಗನಷ್ಟೇ ಇದ್ದೆ ಅಕ್ಕಾ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ದೇವಾಲಯದಲ್ಲಿ ತಮಿಳು. ಭಾಷೆ ನನಗೆ ಕಷ್ಟವಾಗಲಿಲ್ಲ. ಅಪ್ಪ ಯಾವಾಗ ಮಾತನಾಡುತ್ತಾರೆ ಎಂದು ಗೊತ್ತಿಲ್ಲದೆ ಕಾಯುವುದೇ ಕಷ್ಟವಾಗುತ್ತಿತ್ತು. ಇಂದು ಪರೀಕ್ಷೆ, ಇಂದು ಪ್ರಾರ್ಥನಾ ಕೂಟ, ಇಂದು ಯಾರೋ ಆಸ್ಪತ್ರೆಯಲ್ಲಿದ್ದಾರೆ. ನಂತರ ಅಮ್ಮ ಹಟ ಹಿಡಿದು ರಾತ್ರಿ ಊಟದ ನಂತರ ಒಂದು ಹೊತ್ತನ್ನು ಗೊತ್ತುಮಾಡಿಸಿದರು. ಫೋನಿನಲ್ಲೇ ಗಣಿತದ ಲೆಕ್ಕ ಬಿಡಿಸುತ್ತಿದ್ದೆವು. ನಾಲ್ಕು ಮಾತಾದರೂ ಸರಿ, ಅದು ತಪ್ಪುತ್ತಿರಲಿಲ್ಲ. ನಿಮ್ಮ ಯಜಮಾನರಿಗೆ ಹೇಳಿ, ಆ ಹೊತ್ತನ್ನು ಸಭೆಯ ಕೂಟದಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಇನ್ನೊಂದು ಮಾತು ಹೇಳಲೇಬೇಕು. ಪ್ರಸಂಗ ಕಲಿಯುವಾಗ ಉದಾಹರಣೆಗಳು ಬೇಕಾಗುತ್ತವೆ, ಮನೆಯ ಮಕ್ಕಳು ಸುಲಭವಾಗಿ ಸಿಗುತ್ತಾರೆ. ನಾನು ಸುಳ್ಳು ಹೇಳಿ ಸಿಕ್ಕಿಬಿದ್ದ ಸಂಗತಿಯನ್ನು ಅಪ್ಪ ಪ್ರಸಂಗಪೀಠದಿಂದ ಹೇಳಿದರು. ಸಭೆಯೆಲ್ಲ ನಕ್ಕಿತು. ನನಗೆ ಹನ್ನೊಂದು ವರ್ಷ, ಅಂದಿನಿಂದ ಬಹಳ ಕಾಲ ಅವರಿಗೆ ಏನನ್ನೂ ಹೇಳಲಿಲ್ಲ. ಮಕ್ಕಳ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಪೀಠಕ್ಕೆ ಒಯ್ಯಬಾರದು ಎಂದು ಈಗಲೇ ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ನಿಮ್ಮ ಮಗಳ ವಯಸ್ಸಿಗೆ ಇದು ಇನ್ನೂ ಮುಖ್ಯ.

ಮುಳಬಾಗಿಲು_ಪೋಷಕ

ಟೀಚರ್, ಶಾಲೆಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎಂಟನೇ ತರಗತಿಯ ಮಗುವನ್ನು ಕರೆದೊಯ್ದರೆ ತಮಿಳು ಬರೆಯಲು ಕಲಿಯಬೇಕಲ್ಲವೇ?

ಟೀಚರ್_ಬಂಗಾರಪೇಟೆ

ಹೌದು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕಾ ಕಾಯ್ದೆಯಿಂದ ತಮಿಳು ಕಡ್ಡಾಯ ವಿಷಯ. ಹೊರರಾಜ್ಯದವರೆಂದು ವಿನಾಯಿತಿ ಕೇಳಿಕೊಂಡು ಕಚೇರಿಗಳಿಗೆ ಅಲೆಯಬೇಕು. ಅದಕ್ಕಿಂತ ನನ್ನನ್ನು ಕಾಡಿದ್ದು ಇಲ್ಲಿಯ ಸಿಇಟಿ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿ ಇದೆ. ಎಂಟು, ಒಂಬತ್ತು, ಹತ್ತು ಮೂರು ವರ್ಷ ಚೆನ್ನೈನಲ್ಲಿ ಓದಿದರೆ ಮಗಳು ಏಳು ವರ್ಷ ಓದಿ ಗಳಿಸಿದ್ದು ಕೈತಪ್ಪುತ್ತದೆ. ಅವಳಿಗೆ ಪಶುವೈದ್ಯೆಯಾಗುವ ಆಸೆ. ಅಪ್ಪನ ಕರೆಯ ಬೆಲೆಯನ್ನು ಅವಳು ತೆರಬೇಕೆಂದು ನಾನು ಹೇಳಲಾರೆ. ಅವಳ ಅಪ್ಪನೂ ಹೇಳಲಾರರು.

ಶ್ರೀನಿವಾಸಪುರದವಳು

ಮನೆಯಲ್ಲೇ ಇದ್ದು ಓದುವ ದಾರಿ ಇಲ್ಲವೇ?

ಮೇಷ್ಟ್ರು_ನಿವೃತ್ತ

ಇದೆ ತಾಯಿ, ಆದರೆ ಅದರ ಮಿತಿ ತಿಳಿದಿರಲಿ. ಬೆಂಗಳೂರಿನ ಟಾಫ್ಟಿ ಸಂಸ್ಥೆ 1971ರಿಂದ ಮನೆಯಲ್ಲೇ ಇದ್ದು, ಕೆಲಸ ಮಾಡುತ್ತಾ ಓದುವವರಿಗೆ ದೇವಜ್ಞಾನ ಕಲಿಸುತ್ತಿದೆ. ದೇವಜ್ಞಾನದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್‌ನ ಕ್ರೈಸ್ತ ಅಧ್ಯಯನ ಪದವಿಯನ್ನೂ ಹೊರಗಿನಿಂದ ಓದಬಹುದು. ಇವು ಸಭೆಯ ಸಾಮಾನ್ಯ ಸದಸ್ಯರಿಗೆ ತುಂಬ ಒಳ್ಳೆಯ ಓದು. ಗುರುದೀಕ್ಷೆಗೆ ಮಾತ್ರ ಸಾಮಾನ್ಯವಾಗಿ ವಸತಿಯಲ್ಲಿದ್ದು ಓದಿದ ಬಿ.ಡಿ.ಯನ್ನೇ ಕೇಳುತ್ತಾರೆ. ಹೆಂಡತಿಯರು ಈ ಓದನ್ನು ಮಾಡಿದರೆ ಒಂದು ಲಾಭವಿದೆ. ಗಂಡ ರಜೆಗೆ ಬಂದಾಗ ಅವರ ಪುಸ್ತಕದ ಮಾತು ಮನೆಯವರಿಗೆ ಅಪರಿಚಿತವಾಗುವುದಿಲ್ಲ. ಗಂಡ ಮಾತ್ರ ಬೆಳೆದು, ಹೆಂಡತಿಗೆ ಆ ಲೋಕದ ಬಾಗಿಲೇ ತೆರೆಯದೆ ದಾಂಪತ್ಯ ಬಿಗಿದುಕೊಂಡ ಮನೆಗಳನ್ನು ನನ್ನ ಅಧ್ಯಾಪಕ ವೃತ್ತಿಯಲ್ಲಿ ಕಂಡಿದ್ದೇನೆ.

ಟೀಚರ್_ಬಂಗಾರಪೇಟೆ

ಎಲ್ಲರ ಉತ್ತರಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಊರಿಗಾಂ ತಮ್ಮನ ಮಾತು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುದಿನ ಮಗಳನ್ನು ಕೂರಿಸಿಕೊಂಡು ಅವಳ ಅಭಿಪ್ರಾಯವನ್ನೂ ಕೇಳಿದರು. ಅತ್ತೆಯವರನ್ನೂ ಕೇಳಿದೆವು.

ತೀರ್ಮಾನ ಹೀಗಾಗಿದೆ. ಮಗಳ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ನಾವು ನಾಲ್ವರೂ ಇಲ್ಲಿಯೇ ಇರುತ್ತೇವೆ, ಅವರೊಬ್ಬರೇ ಹೋಗುತ್ತಾರೆ. ಮಹಿಳಾ ನೌಕರರಿಗೆ ಇರುವ 180 ದಿನಗಳ ಶಿಶುಪಾಲನಾ ರಜೆಯಲ್ಲಿ ಒಂದು ಭಾಗವನ್ನು ಆ ಪರೀಕ್ಷೆಯ ಕಾಲಕ್ಕೆ ಇಟ್ಟುಕೊಳ್ಳುತ್ತೇನೆ. ಬೇಸಿಗೆ ರಜೆಯಲ್ಲಿ ನಾವು ಚೆನ್ನೈಗೆ ಹೋಗಿ ಬೇರೆ ಕುಟುಂಬಗಳ ಪರಿಚಯ ಮಾಡಿಕೊಳ್ಳುತ್ತೇವೆ. ಪಿಂಚಣಿಯ ಸೇವೆ ನೋಡಿದೆವು, ಹಿಂದಿನ ಕಂಪನಿಯದನ್ನು ಸೇರಿಸಿದರೆ ಹತ್ತು ವರ್ಷ ದಾಟುತ್ತದೆ. ವರ್ಗಾವಣೆಯ ಅರ್ಜಿ ಹಾಕಿದ್ದಾರೆ. ಮಾಲೂರಿನ ಸಹೋದರರಿಗೆ ಎಷ್ಟು ವಂದನೆ ಹೇಳಿದರೂ ಸಾಲದು.

ಸಭೆಯ ಸಮಿತಿಯ ಮುಂದೆ ನಾವಿಬ್ಬರೂ ಹೋದೆವು. ಓದು ಮುಗಿದ ಮೇಲೆ ಮೊದಲ ನೇಮಕ ಬಂಗಾರಪೇಟೆಯಿಂದ ಹೋಗಿಬರುವಷ್ಟು ದೂರದಲ್ಲಿರಲಿ ಎಂದು ಕೇಳಿದೆವು. ಶಿಕ್ಷಕರ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣವೆಂದು ಕೇಳಲು ಸಭಾಪಾಲಕರ ಹೆಂಡತಿಗೆ ದಾರಿಯಿಲ್ಲ, ರಾಜ್ಯ ದಾಟಿದರೆ ನನ್ನ ಕೆಲಸವೇ ಹೋಗುತ್ತದೆ ಎಂಬುದನ್ನು ವಿವರಿಸಿದೆ. ಮಾತು ಕೊಡಲಾಗದು, ಆದರೆ ಮನವಿಯನ್ನು ಕಡತದಲ್ಲಿಡುತ್ತೇವೆ ಎಂದರು. ಅಷ್ಟಾದರೂ ಆಯಿತು. ಹಿರಿಯರೊಬ್ಬರು, ಇಂಥದ್ದನ್ನು ಮೊದಲೇ ಕೇಳಿದ ದಂಪತಿಯನ್ನು ನೋಡಿರಲಿಲ್ಲ ಎಂದರು. ಸಂತೋಷದಿಂದ ಹೇಳಿದರೋ ಬೇಸರದಿಂದ ಹೇಳಿದರೋ ತಿಳಿಯಲಿಲ್ಲ.

ಚಿಂತಾಮಣಿ ಅಣ್ಣನ ಪ್ರಶ್ನೆಗೆ: ಮಾದರಿ ಮನೆ ಎಂದರೆ ಒಂದೇ ಸೂರಿನಡಿ ಇರುವ ಮನೆ ಎಂದು ನೀವು ಹೇಳುತ್ತೀರಿ. ಅತ್ತೆಯವರ ಔಷಧಿ, ಮಕ್ಕಳ ಓದು, ನನ್ನ ಶಾಲೆ, ಅವರ ಗ್ರೀಕ್ ವ್ಯಾಕರಣ, ಯಾವುದನ್ನೂ ಕೈಬಿಡದೆ ಒಬ್ಬರ ಭಾರವನ್ನು ಒಬ್ಬರು ಹೊರುವ ಮನೆ ಎಂದು ನಾನು ಹೇಳುತ್ತೇನೆ. ನಮಗಾಗಿ ಪ್ರಾರ್ಥಿಸಿ.

ಚಿಂತಾಮಣಿ_ವಿಶ್ವಾಸಿ

ಖಂಡಿತ ಪ್ರಾರ್ಥಿಸುತ್ತೇನೆ ಸಹೋದರಿ. ನಮ್ಮ ಅಣ್ಣನ ಮಗಳು ಚೆನ್ನೈನಲ್ಲಿ ಸ್ಟಾಫ್ ನರ್ಸ್. ನಿಮ್ಮ ಯಜಮಾನರಿಗೆ ಅಲ್ಲಿ ಆರೋಗ್ಯ ಕೆಟ್ಟರೆ, ಮನೆಯೂಟ ಬೇಕೆನಿಸಿದರೆ ಸಂಕೋಚವಿಲ್ಲದೆ ಹೋಗಲಿ. ಅವಳಿಗೆ ಹೇಳಿಡುತ್ತೇನೆ.

ಮಾಲೂರು_ಲೆಕ್ಕಪತ್ರ

ಒಂದು ಮರೆತಿದ್ದೆ. ಪಿಎಫ್ ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಕಂಪನಿ ಕೊಟ್ಟ ಸಿಮ್ ಆಗಿದ್ದರೆ ಕೆಲಸ ಬಿಡುವ ಮೊದಲೇ ಬದಲಿಸಿಕೊಳ್ಳಿ. ಸಿಮ್ ಹಿಂದಿರುಗಿಸಿದ ಮೇಲೆ ಒಟಿಪಿ ಬರುವುದಿಲ್ಲ. ನಾಮನಿರ್ದೇಶನದಲ್ಲಿ ಮದುವೆಗೆ ಮೊದಲು ಕೊಟ್ಟ ಹೆಸರೇ ಉಳಿದಿದೆಯೇ ನೋಡಿ, ನಿಮ್ಮ ಮತ್ತು ಮಕ್ಕಳ ಹೆಸರು ಸೇರಿಸಿ. ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ದಾಖಲಿಸಿದೆಯೇ ಎಂಬುದನ್ನು ಎರಡು ತಿಂಗಳ ನಂತರ ಇನ್ನೊಮ್ಮೆ ಪರಿಶೀಲಿಸಿ.